ಸೀಸದ ಕಾಲದ ಕಾರು, ಎಥನಾಲ್ ಕಾಲದ ಬಂಕ್

(ಹಳೆ ಕಾರು ಇಟ್ಟುಕೊಂಡವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ನಿಲ್ಲಿಸಿರುವ ಗಾಡಿಗಳನ್ನು ನೋಡಿಕೊಂಡೇ ಒಳಗೆ ಬಂದೆ. ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್. ಹೆಚ್ಚುಕಡಿಮೆ ಎಲ್ಲವೂ ಸೀಸ ಬೆರೆಸಿದ ಪೆಟ್ರೋಲ್ ಕುಡಿದು ಬೆಳೆದವು. ಹಾಗಾಗಿ ಇಂಥ ಕಡೆ ಹೋದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ. "ಈಗಿನ ಪೆಟ್ರೋಲ್‌ನಲ್ಲಿ ಲೆಡ್ ಇಲ್ಲ ಸಾರ್, ಎಂಜಿನ್ ಹಾಳಾಗಲ್ವಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ ಹೇಳುತ್ತೇನೆ. ನಮ್ಮಲ್ಲಿ ಓಡುವ ಹಳೆ ಕಾರುಗಳ ಮಟ್ಟಿಗೆ ಸೀಸದ ಭಯ ಇರಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಈಗ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಬಗ್ಗೆಯೂ ಗಲಾಟೆಗೆ ಕಡಿಮೆ ಇಲ್ಲ. ಆದರೆ ಅದೆಲ್ಲ ಮೈಲೇಜ್ ಗಲಾಟೆ. ಭಾನುವಾರ ಮಾತ್ರ ಹೊರಗೆ ಬರುವ ಗಾಡಿಗೆ ಮೈಲೇಜ್ ಒಂದು ವಿಷಯವೇ? ನಮಗೆ ಅಪಾಯ ಇರುವುದು ಟ್ಯಾಂಕ್‌ನಿಂದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ವರೆಗಿನ ರಬ್ಬರ್‌ನಲ್ಲಿ. ಜನ ಸಾವಿರಾರು ರೂಪಾಯಿ ಸುರಿದು ಎಂಜಿನ್ ಮೇಲ್ಭಾಗದ ಹೆಡ್ ಬಿಚ್ಚಿ ಕೆಲಸ (ಹೆಡ್ ವರ್ಕ್) ಮಾಡಿಸುತ್ತಾರೆ, ಕೆಲವು ನೂರರ ಪೆಟ್ರೋಲ್ ಪೈಪ್ ಮಾತ್ರ ಹಳೆಯದೇ ಇರುತ್ತದೆ.

ಸೀಸ ಪೆಟ್ರೋಲ್‌ಗೆ ಯಾಕೆ ಬಂತು ಅನ್ನುವುದನ್ನು ಸ್ವಲ್ಪ ನೋಡೋಣ. ಅಮೆರಿಕದ ಓಹಾಯೋ ರಾಜ್ಯದ ಡೇಟನ್‌ನಲ್ಲಿ ಜನರಲ್ ಮೋಟಾರ್ಸ್‌ನ ಸಂಶೋಧನಾ ಕೇಂದ್ರ. ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್. ಅವನ ಕೈಕೆಳಗೆ ಥಾಮಸ್ ಮಿಡ್ಜ್ಲಿ. ಎಂಜಿನ್‌ನ ಕಂಪ್ರೆಷನ್, ಅಂದರೆ ಉರಿಯುವ ಮುಂಚೆ ಗಾಳಿ–ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದನ್ನು ಏರಿಸಿದರೆ ಶಕ್ತಿ ಜಾಸ್ತಿ ಸಿಗುತ್ತದೆ, ಆದರೆ ಆ ಕಾಲದ ಪೆಟ್ರೋಲ್‌ಗೆ ನಾಕಿಂಗ್ ಶುರುವಾಗುತ್ತಿತ್ತು. ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲ್ ಆವಿ ತಾನೇ ಸಿಡಿಯುತ್ತಿತ್ತು. ಅದನ್ನು ತಡೆಯುವ ವಸ್ತು ಬೇಕಿತ್ತು. ಮಿಡ್ಜ್ಲಿಯ ಮುಂದೆ ಆಗ ಇದ್ದ ಒಳ್ಳೆಯ ದಾರಿಗಳಲ್ಲಿ ಒಂದು ಯಾವುದು ಗೊತ್ತಾ? ಆಲ್ಕೋಹಾಲ್. 1921ರ ಅಕ್ಟೋಬರ್‌ನಲ್ಲಿ 30% ಆಲ್ಕೋಹಾಲ್ ಬೆರೆಸಿದ ಪೆಟ್ರೋಲ್ ಹಾಕಿಕೊಂಡು ಅವನು ಡೇಟನ್‌ನಿಂದ ಇಂಡಿಯಾನಾಪೊಲಿಸ್‌ಗೆ, ಎಂಜಿನಿಯರ್‌ಗಳ ಸಭೆಗೆ ಕಾರು ಓಡಿಸಿಕೊಂಡು ಹೋಗಿದ್ದ. ಅದೇ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಅನ್ನುವ ಸೀಸದ ದ್ರವದ ಗುಣ ಕಂಡಿತು. ಚಿಟಿಕೆಯಷ್ಟು ಹಾಕಿದರೆ ಸಾಕು, ನಾಕಿಂಗ್ ನಿಲ್ಲುತ್ತದೆ. ಅಗ್ಗ. ಪೇಟೆಂಟ್ ಕೂಡ ಮಾಡಿಸಬಹುದು. ಆಲ್ಕೋಹಾಲ್‌ಗೆ ಯಾರು ಪೇಟೆಂಟ್ ಕೊಡುತ್ತಾರೆ?

1923ರಲ್ಲಿ ಡೇಟನ್‌ನ ಬಂಕಿನಲ್ಲಿ ಮೊದಲ ಸಲ ಮಾರಾಟವಾಯಿತು. "ಈಥೈಲ್" ಅಂತ ಹೆಸರು, ಸೀಸದ ಸುದ್ದಿಯೇ ಇಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ 5 ಮಂದಿ ಕೆಲಸಗಾರರು ಬುದ್ಧಿ ಭ್ರಮಣೆಯಾಗಿ ಸತ್ತರು. ಅದಾದ ಮೇಲೆ ಪತ್ರಕರ್ತರ ಎದುರು ಮಿಡ್ಜ್ಲಿ ಆ ದ್ರವವನ್ನು ಕೈಗೆ ಸುರಿದುಕೊಂಡು, ಮೂಸಿ, ಏನೂ ಆಗಲ್ಲ ಅಂತ ತೋರಿಸಿದ. ಅದಕ್ಕೂ ಮುಂಚೆ ಸ್ವತಃ ಅವನೇ ಸೀಸದ ವಿಷ ಏರಿ ರಜೆ ಹಾಕಿ ಮಲಗಿದ್ದವನು! ಇದೇ ಮನುಷ್ಯ ಆಮೇಲೆ ಫ್ರಿಜ್‌ಗೆ ಫ್ರಿಯಾನ್ ಕೊಟ್ಟ, ಅದು ಓಝೋನ್ ಪದರಕ್ಕೆ ಕಂಟಕವಾಯಿತು. ಒಬ್ಬನ ಕೈಗುಣ ಹೀಗೂ ಇರಬಹುದು ನೋಡಿ.

ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು. ಅದು ಬಂದಿದ್ದು ಹೊಸ ಕಾರುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಾಗಿ. ಸೀಸ ಕನ್ವರ್ಟರ್ ಅನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತದೆ. ದೇಶವೆಲ್ಲ ಸೀಸ ನಿಂತಿದ್ದು 2000ದ ಫೆಬ್ರವರಿ 1ರಿಂದ. ಈ ವಿಷಯದಲ್ಲಿ ಬೆಂಗಳೂರಿನದೂ ಒಂದು ಪಾಲು ಇದೆ. ಇಲ್ಲಿನ ಜಾರ್ಜ್ ಫೌಂಡೇಷನ್ 90ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿದ ಸೀಸ ಸಿಕ್ಕಿತು. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ಹಳೆ ಕಾರಿನ ಪ್ರೀತಿಯಲ್ಲಿ "ಆ ಕಾಲದ ಪೆಟ್ರೋಲೇ ಪೆಟ್ರೋಲ್" ಅನ್ನುವವರು ಈ ರಕ್ತ ಪರೀಕ್ಷೆಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಈಗ ಎಂಜಿನ್ ವಿಷಯ. ಸೀಸ ಎರಡು ಕೆಲಸ ಮಾಡುತ್ತಿತ್ತು. ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿ, ಏರಿಸುತ್ತಿತ್ತು. ವಾಲ್ವ್ ಸೀಟ್, ಅಂದರೆ ಮುಚ್ಚಿದಾಗ ವಾಲ್ವ್ ಬಂದು ಕೂರುವ ಜಾಗ, ಅದನ್ನು ಕಾಯುತ್ತಿತ್ತು.

ಆಕ್ಟೇನ್ ವಿಷಯ ಬೇಗ ಮುಗಿಸಬಹುದು. 1489 ಸಿಸಿಯ ಹಳೆ ಅಂಬಾಸಿಡರ್‌ನ ಕಂಪ್ರೆಷನ್ 7.2. ನಮ್ಮ ಪೆಟ್ರೋಲ್ ಆಗ ಅಷ್ಟೇನೂ ಚೆನ್ನಾಗಿರಲಿಲ್ಲ, ಅದಕ್ಕೆ ತಕ್ಕ ಹಾಗೆ ಎಂಜಿನ್ ಇಟ್ಟಿದ್ದರು. 90ರ ದಶಕದವರೆಗೂ ಬಂಕಿನಲ್ಲಿ ಸಿಗುತ್ತಿದ್ದದ್ದು 87 ಆಕ್ಟೇನ್. ಆಮೇಲೆ ಅದು 91 ಆಯಿತು. ಈಗಿನ ಇ20ಗೆ, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ, 95. ಅಂದರೆ ಸೀಸ ಹೋದ ಮೇಲೂ ನಿಮ್ಮ ಅಂಬಾಸಿಡರ್‌ಗೆ ಅದರ ಆಯುಷ್ಯದಲ್ಲೇ ಒಳ್ಳೆಯ ಆಕ್ಟೇನ್ ಸಿಗುತ್ತಿರುವುದು ಈಗ. ಆಗಿನ ಪೆಟ್ರೋಲ್‌ಗೆ ಸೀಮೆಎಣ್ಣೆ ಕಲಬೆರಕೆ ಬೇರೆ. ಕಾರು ಟಕಟಕ ಅನ್ನುತ್ತದೆ ಅಂತ ಮೆಕ್ಯಾನಿಕ್‌ಗಳು ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ತಿರುಗಿಸಿ ಇಡುತ್ತಿದ್ದರು. ಎಷ್ಟೋ ಗಾಡಿಗಳಲ್ಲಿ ಅದು ಇವತ್ತಿಗೂ ಹಾಗೇ ಇದೆ. ಪುಸ್ತಕದಲ್ಲಿ ಬರೆದ ಜಾಗಕ್ಕೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ನೋಡಿ, ಪಿಕಪ್ ವಾಪಸ್ ಬರುತ್ತದೆ. ಹೊರದೇಶದಿಂದ ಬಂದ, ಕಂಪ್ರೆಷನ್ 9ರ ಆಸುಪಾಸಿನ ಗಾಡಿ ಇಟ್ಟುಕೊಂಡವರು ಮಾತ್ರ ಆಕ್ಟೇನ್ ಬಗ್ಗೆ ಯೋಚಿಸಬೇಕು.

ವಾಲ್ವ್ ಸೀಟ್ ವಿಷಯ ಅಷ್ಟು ಸಲೀಸಲ್ಲ. ಉರಿದ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಂಪಗೆ ಕಾದಿರುತ್ತದೆ. ಪ್ರತಿ ಸಲ ಮುಚ್ಚಿದಾಗಲೂ ಹೆಡ್‌ನ ಬೀಡು ಕಬ್ಬಿಣದ ಮೇಲೆ ಬಡಿದು ಕೂರುತ್ತದೆ. ಆ ಬಿಸಿಗೆ ಎರಡೂ ಲೋಹ ಸೂಜಿಮೊನೆಯಷ್ಟು ಜಾಗದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ವಾಲ್ವ್ ಮೇಲೆದ್ದಾಗ ಸೀಟ್‌ನಿಂದ ಚೂರು ಕಿತ್ತುಕೊಂಡು ಹೋಗುತ್ತದೆ. ಆ ಚೂರು ಉಪ್ಪುಕಾಗದದ ಕೆಲಸ ಮಾಡುತ್ತದೆ. ಸೀಸದ ಪೆಟ್ರೋಲ್ ಉರಿದಾಗ ಸೀಸದ ಲವಣಗಳು ಸೀಟ್ ಮೇಲೆ ತೆಳ್ಳಗೆ ಕೂತಿರುತ್ತಿದ್ದವು. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ. ಅದಿದ್ದರೆ ಅಂಟಿಕೊಳ್ಳುವುದಿಲ್ಲ. ಅದಿಲ್ಲದಿದ್ದರೆ ವಾಲ್ವ್ ನಿಧಾನವಾಗಿ ಸೀಟ್‌ನೊಳಗೆ ಇಳಿಯುತ್ತಾ ಹೋಗುತ್ತದೆ.

ಇದು ಎಲ್ಲ ಗಾಡಿಗೂ ಒಂದೇ ಥರ ಅಲ್ಲ. ಪದ್ಮಿನಿಯ ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೇಲೆ ನೇರವಾಗಿ ವಾಲ್ವ್ ಕೂರಿಸಲು ಆಗುವುದಿಲ್ಲ, ಬೇರೆ ಲೋಹದ ರಿಂಗ್ ಒತ್ತಿ ಕೂರಿಸಿರುತ್ತಾರೆ. ಆ ರಿಂಗ್ ಯಾವ ಲೋಹದ್ದು ಅನ್ನುವುದರ ಮೇಲೆ ಸವೆತ ನಿಂತಿದೆ. ಹಳೆ ಅಂಬಾಸಿಡರ್‌ನದು ಬಿಎಂಸಿ ಬಿ-ಸೀರೀಸ್ ಎಂಜಿನ್, ಮೋರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. ಹೆಡ್ ಪೂರ್ತಿ ಬೀಡು, ಸೀಟ್ ಅದರಲ್ಲೇ ಕಡೆದದ್ದು. ತೊಂದರೆ ಬಂದರೆ ಮೊದಲು ಬರುವುದು ಇಂಥದ್ದಕ್ಕೆ.

ಹಾಗಿದ್ದರೆ 2000ದಿಂದ ಈಚೆಗೆ ಟ್ಯಾಕ್ಸಿಗಳೂ ಸರ್ಕಾರಿ ಅಂಬಾಸಿಡರ್‌ಗಳೂ ಸೀಸವಿಲ್ಲದೆ ಹೇಗೆ ಓಡಿದವು? ಸವೆತ ಜೋರಾಗುವುದು ತುಂಬಾ ಹೊತ್ತು ಒಂದೇ ಸಮ ವೇಗವಾಗಿ, ಭಾರ ಹೊತ್ತು ಓಡಿದಾಗ. ನಮ್ಮ ರಸ್ತೆಗಳಲ್ಲಿ ಅದಕ್ಕೆ ಅವಕಾಶ ಎಲ್ಲಿತ್ತು? ಊರೂರಿಗೆ ಹಂಪ್, ಎತ್ತಿನ ಗಾಡಿ, ಲಾರಿ ಹಿಂದೆ ಸೆಕೆಂಡ್ ಗೇರ್. ಕೆಟ್ಟ ರಸ್ತೆಯೇ ವಾಲ್ವ್ ಕಾಪಾಡಿತು ಅನ್ನಬಹುದು. ಜೊತೆಗೆ ಹಳೆ ಸೀಸ ಸೀಟ್‌ನಲ್ಲಿ ಕೂತಿರುತ್ತದಲ್ಲ, ಅದೂ ಸಾವಿರಾರು ಕಿಲೋಮೀಟರ್ ಕಾಯುತ್ತದೆ. ಹೆಡ್ ಬಿಚ್ಚಿ ಸೀಟ್ ಕಡೆದ ದಿನ ಆ ರಕ್ಷಣೆ ಮುಗಿಯಿತು. ಈಗ ನಮಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ. ಹೊಸ ಕಾರುಗಳ ಜೊತೆ ಅಂಬಾಸಿಡರ್ ಅನ್ನೂ 90ರಲ್ಲಿ ಒಂದೇ ಸಮ ತುಳಿದುಕೊಂಡು ಹೋಗುವ ಉಮೇದು ನಿಮಗಿದ್ದರೆ, 2000ದಲ್ಲಿ ಇಲ್ಲದ ತೊಂದರೆಯನ್ನು ಇವತ್ತು ಕರೆದ ಹಾಗೆ. 65–70ರಲ್ಲಿ ಹೋಗಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿ. ಎಂಜಿನ್ ಆರಲಿ.

ಸವೆಯುತ್ತಿದೆಯೋ ಇಲ್ಲವೋ ತಿಳಿಯಲು ಹೆಡ್ ಬಿಚ್ಚಬೇಕಿಲ್ಲ. ಟ್ಯಾಪೆಟ್ ಕವರ್ ತೆಗೆದರೆ ಸಾಕು. ವಾಲ್ವ್ ಸೀಟ್‌ನೊಳಗೆ ಇಳಿದಷ್ಟೂ ಅದರ ಕಡ್ಡಿ ಮೇಲೇಳುತ್ತದೆ, ಅದನ್ನು ಒತ್ತುವ ರಾಕರ್‌ಗೂ ಅದಕ್ಕೂ ನಡುವಿನ ಗ್ಯಾಪ್ ಕಡಿಮೆಯಾಗುತ್ತದೆ. ಸಾಮಾನ್ಯ ಸವೆತದಲ್ಲಿ ಗ್ಯಾಪ್ ಜಾಸ್ತಿಯಾಗಿ ಟ್ಯಾಪೆಟ್ ಸದ್ದು ಬರುತ್ತದೆ. ಇಲ್ಲಿ ಉಲ್ಟಾ. ಎಂಜಿನ್ ಸದ್ದಿಲ್ಲದೆ ಹಾಯಾಗಿ ಓಡುತ್ತಿದೆ ಅಂತ ಖುಷಿಪಡುತ್ತೀರಿ, ಅಷ್ಟರಲ್ಲಿ ವಾಲ್ವ್ ಪೂರ್ತಿ ಮುಚ್ಚುವುದೇ ನಿಂತಿರುತ್ತದೆ. ಆಮೇಲೆ ಕಂಪ್ರೆಷನ್ ಹೋಗುತ್ತದೆ, ವಾಲ್ವ್ ಅಂಚು ಸುಡುತ್ತದೆ, ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತದೆ.

ಅಂಬಾಸಿಡರ್‌ನವರಿಗೆ 9ರ ಲೆಕ್ಕ ಗೊತ್ತಿರಬೇಕು. ಮುಂದಿನಿಂದ ಎಣಿಸಿದರೆ ಎಂಟು ವಾಲ್ವ್. 8ನೆಯದು ಪೂರ್ತಿ ತೆರೆದಿದ್ದಾಗ 1ನೆಯದರ ಗ್ಯಾಪ್ ನೋಡಬೇಕು. 6 ತೆರೆದಿದ್ದಾಗ 3. 4 ತೆರೆದಿದ್ದಾಗ 5. ಎರಡೂ ಸೇರಿ 9 ಆಗಬೇಕು, ಅಷ್ಟೇ. ಎಕ್ಸಾಸ್ಟ್ ವಾಲ್ವ್‌ಗಳು 1, 4, 5 ಮತ್ತು 8. ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕಿ, ಬಂದ ಅಳತೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸೆಟ್ ಮಾಡುವ ಮೊದಲು ಬರೆಯುವುದು ಮುಖ್ಯ. ಮೆಕ್ಯಾನಿಕ್ ಕೈಗೆ ಕೊಟ್ಟರೆ ಅವರು ಸುಮ್ನೆ ಸೆಟ್ ಮಾಡಿ ಕವರ್ ಮುಚ್ಚುತ್ತಾರೆ, ಎಷ್ಟಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಇಟ್ಟಿದ್ದು ಮುಂದಿನ ಸಲ 14 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲವೂ 4 ಮತ್ತು 5 ಮಾತ್ರ 11, 10ಕ್ಕೆ ಇಳಿಯುತ್ತಿದ್ದರೆ, ಇನ್‌ಲೆಟ್‌ಗಳು ಇದ್ದಲ್ಲೇ ಇದ್ದರೆ, ಸೀಟ್ ಸವೆಯುತ್ತಿದೆ.

ಆಗ ಮಾತ್ರ ಹೆಡ್ ವರ್ಕ್. ಎಕ್ಸಾಸ್ಟ್‌ಗೆ ಗಟ್ಟಿ ಲೋಹದ ಸೀಟ್ ರಿಂಗ್ ಹಾಕಿಸಿ, ಜೊತೆಗೆ ಅದಕ್ಕೆ ಹೊಂದುವ ವಾಲ್ವ್. ಇನ್‌ಲೆಟ್‌ಗೆ ಬೇಕಿಲ್ಲ, ತಣ್ಣನೆಯ ಗಾಳಿ ಅಲ್ಲಿ ಹಾಯುತ್ತಿರುತ್ತದೆ. "ಯಾವುದಕ್ಕೂ ಇರಲಿ" ಅಂತ ಮುಂಚಿತವಾಗಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಹಳೆ ಬೀಡು ಹೆಡ್‌ನ ಗೋಡೆ ತುಕ್ಕು ಹಿಡಿದು ತೆಳ್ಳಗಾಗಿರುತ್ತದೆ. ರಿಂಗ್‌ಗೆ ಜಾಗ ಕೊರೆಯುವಾಗ ನೀರಿನ ದಾರಿಗೆ ತೂತು ಬಿದ್ದರೆ ಹೆಡ್ಡೇ ಹೋಯಿತು. ಲೇತ್ ಶಾಪ್‌ನವರು ಈ ಕೆಲಸ ಮೊದಲು ಮಾಡಿದ್ದಾರಾ ಅಂತ ಕೇಳಿ ಕೊಡಿ.

ಸೀಸದ ಬದಲು ಟ್ಯಾಂಕ್‌ಗೆ ಹಾಕುವ ಬಾಟಲಿಗಳೂ ಇವೆ. ಬ್ರಿಟನ್‌ನಲ್ಲಿ ಸೀಸ ನಿಲ್ಲುವ ಹೊತ್ತಿಗೆ ಅಲ್ಲಿನ ಹಳೆ ಕಾರಿನವರ ಒಕ್ಕೂಟ ಇವನ್ನು ಎಂಜಿನ್ ಮೇಲೆ ಹಾಕಿ ಪರೀಕ್ಷೆ ಮಾಡಿಸಿತು. ಪೊಟಾಷಿಯಂ, ಸೋಡಿಯಂ, ಫಾಸ್ಫರಸ್, ಮ್ಯಾಂಗನೀಸ್, ಹೀಗೆ ಬೇರೆ ಬೇರೆ ಬಗೆ. ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ಒಂದನ್ನು ಹಿಡಿದರೆ ಅದನ್ನೇ ಹಾಕಿ, ಎರಡು ಬಗೆ ಬೆರೆಸಬೇಡಿ. ಟ್ಯಾಂಕ್‌ಗೆ ತವರದ ಗುಂಡು ಹಾಕಿದರೆ ಸಾಕು ಅನ್ನುವ ಜಾಹೀರಾತು ಕಂಡರೆ ಮುಂದಿನ ಪುಟಕ್ಕೆ ಹೋಗಿ.

ಇನ್ನು ಎಥನಾಲ್. 1921ರಲ್ಲಿ ಸೋತ ಆಲ್ಕೋಹಾಲ್ ನೂರು ವರ್ಷದ ಮೇಲೆ ನಮ್ಮ ಬಂಕಿಗೆ ಬಂದಿದೆ. 2023ರ ಫೆಬ್ರವರಿ 6ರಂದು ಇ20ಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬೇಕೆಂದರೂ ಬೇಡವೆಂದರೂ ಮಾಮೂಲಿ ಪೆಟ್ರೋಲ್ ಅಂದರೆ ಇ20. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಲಿ ಅನ್ನುವ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ತಳ್ಳಿಹಾಕಿತು. ಅದಕ್ಕೆಂದೇ ಮಾಡಿರದ ಕಾರುಗಳಲ್ಲಿ ಮೈಲೇಜ್ 6ರಿಂದ 7% ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಇರಲಿ, ಅದನ್ನು ಬಿಡೋಣ.

ಪೈಪ್ ನೋಡೋಣ. ಬಾನೆಟ್ ತೆಗೆದು ಪೆಟ್ರೋಲ್ ಪಂಪ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಪೈಪ್ ಅನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಬಗ್ಗಿದ ಜಾಗದಲ್ಲಿ ಕೂದಲಿನಂಥ ಬಿರುಕು ಕಂಡರೆ, ಬೆರಳಿಗೆ ಕಪ್ಪು ಮಸಿ ಹತ್ತಿದರೆ, ಒತ್ತಿದಾಗ ಮೆತ್ತಗೆ ಊದಿದ ಹಾಗಿದ್ದರೆ, ಅದರ ಕೆಲಸ ಮುಗಿದಿದೆ. ಹಳೆ ರಬ್ಬರ್ ಎಥನಾಲ್‌ನಲ್ಲಿ ಊದುತ್ತದೆ, ಗಾಡಿ ನಿಂತಾಗ ಒಣಗಿ ಬಿರಿಯುತ್ತದೆ. ಹೊರಗಿಂದ ಚೆನ್ನಾಗಿದ್ದು ಒಳಗಿಂದ ಪುಡಿಪುಡಿಯಾಗಿ ಕಾರ್ಬ್ಯುರೇಟರ್‌ನ ಜೆಟ್‌ಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಸಿಕ್ಕಿಕೊಳ್ಳುವುದೂ ಉಂಟು. ಅಂಬಾಸಿಡರ್‌ನಲ್ಲಿ ಕಾರ್ಬ್ಯುರೇಟರ್ ಎಲ್ಲಿದೆ ಹೇಳಿ? ಕಾದು ಕೆಂಡವಾಗಿರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ನೇರ ಮೇಲೆ. ಅಲ್ಲಿ ಪೈಪ್ ಜಿನುಗಿದರೆ ಪೆಟ್ರೋಲ್ ಬೀಳುವುದು ಅದರ ಮೇಲೆಯೇ. ಮೈಲೇಜ್ ಸಣ್ಣ ವಿಷಯ ಅಂದಿದ್ದು ಇದಕ್ಕೇ.

ಪೈಪ್ ತರುವಾಗ ಅದರ ಮೇಲಿನ ಅಕ್ಷರ ಓದಿ. ಎಸ್‌ಎಇ ಜೆ30 ಆರ್9 ಅಂತಿದ್ದರೆ ಒಳಪದರ ಎಥನಾಲ್ ತಡೆಯುವ ಫ್ಲೋರೋ ರಬ್ಬರ್‌ನದು. ಪಂಪ್‌ನ ಡಯಾಫ್ರಾಮ್, ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್, ಕಾರ್ಕ್ ಗ್ಯಾಸ್ಕೆಟ್‌ಗಳಿಗೂ ಇದೇ ಮಾತು. ಇಲ್ಲೊಂದು ವಿಚಿತ್ರ ಇದೆ. ಹಳೆ ಕಾರಿನವರಿಗೆ ಆ ಕಾಲದ್ದೇ, ಪೊಟ್ಟಣ ಬಿಚ್ಚದ ಸ್ಪೇರ್ ಸಿಕ್ಕಿದರೆ ಹಬ್ಬ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಹುಡುಕಿ ತರುತ್ತಾರೆ. ಬಂಪರ್, ಲೈಟ್, ಗೇಜ್ ಎಲ್ಲ ಹಾಗೆ ತನ್ನಿ. ರಬ್ಬರ್ ಮಾತ್ರ ಬೇಡ. 40 ವರ್ಷ ಪೊಟ್ಟಣದಲ್ಲಿ ಒಣಗಿದ, ಎಥನಾಲ್ ಹೆಸರೇ ಕೇಳದ ಡಯಾಫ್ರಾಮ್ ಅದು.

ಮಿಶ್ರಣದ ವಿಷಯವೂ ಇದೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹೊಸ ಕಾರಿನ ಸೆನ್ಸರ್ ಇದನ್ನು ನೋಡಿ ತಾನೇ ಸರಿ ಮಾಡಿಕೊಳ್ಳುತ್ತದೆ. ಸೋಲೆಕ್ಸ್ ಕಾರ್ಬ್ಯುರೇಟರ್‌ಗೆ ಏನು ಗೊತ್ತು? ಮೊದಲಿನಷ್ಟೇ ಸುರಿಯುತ್ತದೆ. ಇ20ಯಲ್ಲಿ ಮಿಶ್ರಣ 8% ಹತ್ತಿರ ತೆಳುವಾಗುತ್ತದೆ, ಅಂದರೆ ಬೇಕಾದ್ದಕ್ಕಿಂತ ಗಾಳಿ ಜಾಸ್ತಿಯಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಮುಗ್ಗರಿಸುವುದು, ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಅನ್ನುವುದು, ಇವೆಲ್ಲ ಅದರ ಲಕ್ಷಣ. ತೆಳು ಮಿಶ್ರಣದಲ್ಲಿ ಎಕ್ಸಾಸ್ಟ್ ವಾಲ್ವ್ ಇನ್ನಷ್ಟು ಕಾಯುತ್ತದೆ, ಅಂದರೆ ಸೀಟ್ ಸವೆತಕ್ಕೂ ಇದೇ ದಾರಿ ಮಾಡಿಕೊಡಬಹುದು. ಆದರೆ ಓಡಿ ಹೋಗಿ ಜೆಟ್ ಬದಲಿಸಬೇಡಿ. ನಮ್ಮ ಹಳೆ ಕಾರ್ಬ್ಯುರೇಟರ್‌ಗಳ ಜೆಟ್ ತಂತಿ ಹಾಕಿ ಕೆದಕಿ ಮೊದಲೇ ದೊಡ್ಡದಾಗಿರುತ್ತವೆ. ಪ್ಲಗ್ ಬಿಚ್ಚಿ ನೋಡಿ. ತುದಿ ಸುಣ್ಣದ ಹಾಗೆ ಬೆಳ್ಳಗಿದ್ದರೆ ಮಾತ್ರ ಮೇನ್ ಜೆಟ್ ಒಂದು ನಂಬರ್ ಏರಿಸಿ. 110 ಇದ್ದರೆ 115. ಅಡ್ಡಳತೆ 4.5% ಏರಿದರೂ ತೂತಿನ ವಿಸ್ತೀರ್ಣ 9% ಏರುತ್ತದೆ, ಅಷ್ಟು ಸಾಕು. ಸೀಸದ ಕಾಲದಲ್ಲಿ ಹೈವೇ ಓಡಿಸಿದ ಗಾಡಿಯ ಸೈಲೆನ್ಸರ್ ಬಾಯಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಈಗ ಅದು ಕಪ್ಪಗಿರುವುದೇ ಸಹಜ, ಅದನ್ನು ನೋಡಿ ಮಿಶ್ರಣ ದಪ್ಪ ಅಂತ ತೀರ್ಮಾನ ಮಾಡಬೇಡಿ.

ಘಾಟಿ ಹತ್ತುವಾಗ ಗಾಡಿ ನಿಂತು, ಪೆಟ್ರೋಲ್ ಪಂಪ್‌ಗೆ ಒದ್ದೆ ಬಟ್ಟೆ ಸುತ್ತಿ ಕೂತದ್ದು ನಿಮಗೆಲ್ಲ ನೆನಪಿರಬೇಕು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಆಗಿರುತ್ತದೆ. ಪೈಪ್‌ನೊಳಗೆ ಪೆಟ್ರೋಲ್ ಕುದಿದು ಆವಿಯಾದರೆ ಪಂಪ್ ಎಳೆಯುವುದಿಲ್ಲ. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ಪೆಟ್ರೋಲ್ ಜೊತೆ ಬೆರೆತಾಗ ಇನ್ನೂ ಬೇಗ. ಪೈಪ್ ಅನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ನಡುವೆ ಒಂದು ತಗಡು ಅಡ್ಡ ಇಡಿ. ಬಟ್ಟೆಯೂ ಡಿಕ್ಕಿಯಲ್ಲಿ ಇರಲಿ.

ಪ್ರಶ್ನೆಗಳು ತುಂಬಾ ಬಂದವು. ಕೆಲವು ಇಲ್ಲಿವೆ.

100 ಆಕ್ಟೇನ್ ಪೆಟ್ರೋಲ್ ಹಾಕಬಹುದಾ ಅಂತ ಒಬ್ಬರು ಕೇಳಿದರು. ಹಾಕಬಹುದು, ಆದರೆ ಆಕ್ಟೇನ್‌ಗಾಗಿ ಅಲ್ಲ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100ನಲ್ಲಿ ಎಥನಾಲ್ ಇಲ್ಲ, ಅದು ಅದರ ಲಾಭ. ಬೆಲೆ ಮಾಮೂಲಿಗಿಂತ ತುಂಬಾ ಜಾಸ್ತಿ, ಎಲ್ಲ ಬಂಕಿನಲ್ಲಿ ಸಿಗುವುದೂ ಇಲ್ಲ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುಂಚಿನ ಕೊನೆಯ ಟ್ಯಾಂಕ್‌ಗೆ ಮಾತ್ರ ಹಾಕಿದರೆ ದುಡ್ಡಿಗೆ ಮೋಸವಿಲ್ಲ. ಸುಮ್ನೆ ಪ್ರೀಮಿಯಂ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಎಥನಾಲ್ ಇಲ್ಲ ಅಂದುಕೊಳ್ಳಬೇಡಿ, ಕೇಳಿ ಹಾಕಿಸಿ.

ಸಣ್ಣ ವಿಮಾನಗಳ ಪೆಟ್ರೋಲ್‌ನಲ್ಲಿ ಇನ್ನೂ ಸೀಸ ಇದೆಯಲ್ಲ, ಅದು ಸಿಕ್ಕರೆ? ಇದೆ, ನಿಜ. ಬೇಡ. ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡುವಾಗ ಪಕ್ಕದಲ್ಲಿ ನಿಮ್ಮದೇ ಮೊಮ್ಮಕ್ಕಳು ನಿಂತಿರುತ್ತವೆ.

ಇನ್ನೊಬ್ಬರು 1920ರ ದಶಕದ ಕಾರಿನ ಬಗ್ಗೆ ಕೇಳಿದರು. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ ನೋಡಿರುತ್ತೀರಲ್ಲ, ಅಂಥವು. ಅವುಗಳಿಗೆ ಸೀಸದ ಚಿಂತೆಯೇ ಬೇಡ. ಫೋರ್ಡ್ ಮಾಡೆಲ್ ಟಿ ರಸ್ತೆಗೆ ಬಂದಾಗ ಸೀಸದ ಪೆಟ್ರೋಲ್ ಅನ್ನುವುದೇ ಇರಲಿಲ್ಲ, ಅದರ ಕಂಪ್ರೆಷನ್ 4ರ ಆಸುಪಾಸು.

ಕೊನೆಗೆ ಒಬ್ಬ ಹುಡುಗ ಎದ್ದು, ಊರಿನ ಕೊಟ್ಟಿಗೆಯಲ್ಲಿ ಅಜ್ಜನ ಪದ್ಮಿನಿ ವರ್ಷಗಟ್ಟಲೆ ನಿಂತಿದೆ, ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲಾ ಅಂತ ಕೇಳಿದ. ಮಾಡಬೇಡಪ್ಪ. ಮೊದಲು ಟ್ಯಾಂಕ್ ಖಾಲಿ ಮಾಡು. ಎಥನಾಲ್ ನೀರು ಹೀರುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕಿಳಿದು ತಗಡು ತಿನ್ನುತ್ತವೆ. ಹಳೆ ಪೆಟ್ರೋಲ್ ಅಂಟಾಗಿ ಗೋಡೆಗೆ ಹಿಡಿದಿರುತ್ತದೆ, ಹೊಸ ಇ20 ಹಾಕಿದ ಕೂಡಲೇ ಅದೆಲ್ಲ ಬಿಟ್ಟುಕೊಂಡು ಕಾರ್ಬ್ಯುರೇಟರ್‌ಗೆ ಬರುತ್ತದೆ. ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ ನೋಡು. ಸಲೀಸಾಗಿ ತಿರುಗಿದರೆ ರಬ್ಬರ್ ಪೈಪ್‌ಗಳನ್ನೆಲ್ಲ ಕಿತ್ತು ಹೊಸದು ಹಾಕು, ಪಂಪ್‌ಗೆ ಹೊಸ ಡಯಾಫ್ರಾಮ್ ಹಾಕು, ಕಾರ್ಬ್ಯುರೇಟರ್ ಬಿಚ್ಚಿ ತೊಳೆ. ಆಮೇಲೆ ಟ್ಯಾಂಕ್ ಲೈನ್ ಬಿಟ್ಟು, ಒಂದು ಸಣ್ಣ ಕ್ಯಾನ್‌ನಲ್ಲಿ ಹೊಸ ಪೆಟ್ರೋಲ್ ಇಟ್ಟು ಅದರಿಂದ ಪಂಪ್‌ಗೆ ಪೈಪ್ ಕೊಡು. ಬ್ಯಾಟರಿ ತರುವುದು ಅದಾದ ಮೇಲೆ. ಸ್ಟಾರ್ಟ್ ಮಾಡುವಾಗ ಒಬ್ಬರು ಬಾನೆಟ್ ಹತ್ತಿರ ನಿಂತು ಎಲ್ಲಾದರೂ ಜಿನುಗುತ್ತಿದೆಯಾ ನೋಡುತ್ತಿರಲಿ, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.